ಶಾವಿಗೆ ಬೀಳಿಸಿದ ಕೋಲುಗಳು

ಬೆಂಗಳೂರಿನ ಅಂಗಡಿಯಲ್ಲಿ ಹೊಸ ಗಾಲ್ಫ್ ಸೆಟ್ಟಿಗೆ ಎಂಬತ್ತೈದು ಸಾವಿರ. ತೀರ ಅಗ್ಗದ್ದು ಅಂದರೂ ನಲವತ್ತಕ್ಕೆ ಕಡಿಮೆಯಿಲ್ಲ. ಅದೇ ಸಾಮಾನನ್ನು ಬಿಡಿಬಿಡಿಯಾಗಿ ತರಿಸಿಕೊಂಡರೆ ಲೆಕ್ಕವೇ ಬೇರೆ. ಕಬ್ಬಿಣದ ತಲೆ ಒಂದಕ್ಕೆ ಒಂಬೈನೂರರಂತೆ ಆರು, ಕೋಲಿನ ಉದ್ದನೆಯ ಉಕ್ಕಿನ ಕೊಳವೆ, ಅಂದರೆ ಶಾಫ್ಟ್, ಒಂದಕ್ಕೆ ಆರುನೂರೈವತ್ತರಂತೆ ಆರು, ರಬ್ಬರಿನ ಹಿಡಿ ಇನ್ನೂರೈವತ್ತರಂತೆ ಆರು, ಅಂಟು ಗಿಂಟು ಸೇರಿ ನಾನೂರು, ಕೊರಿಯರ್‌ನವನಿಗೆ ಆರುನೂರು. ಒಟ್ಟು ಹನ್ನೊಂದು ಸಾವಿರದ ಎಂಟುನೂರು. ಕೂಲಿ ಸೊನ್ನೆ, ಯಾಕೆಂದರೆ ಕೂಲಿ ಮಾಡುವವನು ಮನೆಯ ಯಜಮಾನನೇ.

ಈ ಲೆಕ್ಕವನ್ನು ಓಬಳೆಪ್ಪ ಗಿಣಿಗೇರಾ ಕ್ರಾಸಿನ ಮೆಹಬೂಬಸಾಬನ ಚಹಾದಂಗಡಿಯಲ್ಲಿ ಎಲ್ಲರಿಗೂ ಕೇಳಿಸುವಂತೆ ಹೇಳಿದ. ಚಹಾದಂಗಡಿಗೆ ಹೊಂದಿಕೊಂಡೇ ಅವನ ಗ್ಯಾರೇಜು. ಬೈಕು ಬಿದ್ದು ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಕೊಳವೆ ಡೊಂಕಾದರೆ ಕೊಪ್ಪಳದವರೂ ಕುಷ್ಟಗಿಯವರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಡೊಂಕು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಆ ಬೆರಳು ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ.

"ಗಾಲ್ಫ್ ಅಂದ್ರ ಸಾಹೇಬ್ರು ಆಡೋ ಆಟ. ನೀ ಯಾವಾಗ ಸಾಹೇಬ ಆದ್ಯೋ ಓಬಳೆಪ್ಪಣ್ಣ?" ಎಂದ ಮೆಹಬೂಬಸಾಬ.

"ನಾ ಅಲ್ಲೋ. ನಮ್ಮ ಸೊಸಿ."

"ಆಕಿ ಅಲ್ಲಿ ಹುಲ್ಲು ಕತ್ತರಸಾಕ ಹೋಗ್ತಾಳಲ್ಲ?"

"ಹುಲ್ಲು ಕತ್ತರಸಾಕ ಹೋದಾಕಿ. ಇನ್ನ ಆಟ ಕಲಸಾಕ ಹೋಗ್ತಾಳ. ನೋಡ್ತಿರು."

ಸೊಸೆಯ ಹೆಸರು ವಿಜಯಲಕ್ಷ್ಮಿ. ಸಿದ್ದಾಪುರದ ಕಾಲುವೆ ಬದಿಯ ಭತ್ತದ ಗದ್ದೆಗಳಲ್ಲಿ ಬೆಳೆದವಳು. ಓಬಳೆಪ್ಪನ ಮಗ ಮರಿಸ್ವಾಮಿಯನ್ನು ಮದುವೆಯಾಗಿ ಗಿಣಿಗೇರಾಕ್ಕೆ ಬಂದಳು. ಮರಿಸ್ವಾಮಿ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾನೆ. ಅದೇ ಕಾರ್ಖಾನೆಯ ಕಾಲೊನಿಯಲ್ಲಿ ಒಂಬತ್ತು ಕುಳಿಗಳ ಪುಟ್ಟ ಗಾಲ್ಫ್ ಮೈದಾನವಿದೆ. ವಿಜಯಲಕ್ಷ್ಮಿಗೆ ಅಲ್ಲಿ ಮೊದಲು ಹುಲ್ಲು ಕತ್ತರಿಸುವ ಗುತ್ತಿಗೆ ಕೆಲಸ ಸಿಕ್ಕಿತು, ಆಮೇಲೆ ಆಡುವವರ ಚೀಲ ಹೊರುವ ಕೆಲಸ. ಒಂದು ಮಧ್ಯಾಹ್ನ ಅಧಿಕಾರಿಗಳ ಮನೆಯ ಹೆಂಗಸರ ಆಟಕ್ಕೆ ಒಬ್ಬರು ಕಡಿಮೆ ಬಿದ್ದರು. ನೀನೇ ನಿಂತುಕೋ ಎಂದು ಕೈಗೆ ಕೋಲು ಕೊಟ್ಟರು. ಕಣದಲ್ಲಿ ಭತ್ತದ ಸಿವುಡು ಎತ್ತಿ ಬಡಿದ ತೋಳು ಅದು. ಚೆಂಡು ಹೋದ ದೂರ ನೋಡಿ ಅವರೆಲ್ಲ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅಂದಿನಿಂದ ಯಾರಾದರೂ ಕೋಲು ಎರವಲು ಕೊಟ್ಟ ದಿನವೆಲ್ಲ ಅವಳು ಆಡಿದಳು.

ಈಗ ಕಾಲೊನಿಯ ಮಕ್ಕಳಿಗೂ ಹೆಂಗಸರಿಗೂ ಆಟ ಹೇಳಿಕೊಡಲು ಒಬ್ಬ ಹೆಣ್ಣುಮಗಳನ್ನು ತಿಂಗಳ ಸಂಬಳದ ಮೇಲೆ ತೆಗೆದುಕೊಳ್ಳುವುದೆಂದು ತೀರ್ಮಾನವಾಗಿತ್ತು. ಆಟೋಟ ನೋಡಿಕೊಳ್ಳುವ ಗೋವಿಂದರಾಜ ಅವರು ವಿಜಯಲಕ್ಷ್ಮಿಯನ್ನು ಕರೆದು ಎರಡು ಮಾತು ಹೇಳಿದ್ದರು. ಯುಗಾದಿ ಕಳೆದ ಮೇಲಿನ ಭಾನುವಾರ ಒಂಬತ್ತು ಕುಳಿ ಆಡಿ ತೋರಿಸಬೇಕು, ಐವತ್ತು ಹೊಡೆತ ಮೀರಬಾರದು. ಕೋಲು ಸ್ವಂತದ್ದಾಗಿರಬೇಕು, ಕಲಿಸುವವಳೇ ದಿನಾ ಇನ್ನೊಬ್ಬರ ಚೀಲಕ್ಕೆ ಕೈಹಾಕಿದರೆ ನಡೆಯುವುದಿಲ್ಲ. ವರ್ಗವಾಗಿ ಹೊರಟಿದ್ದ ಒಬ್ಬ ಅಧಿಕಾರಿಯ ಹೆಂಡತಿ, ಚೆಂಡನ್ನು ದೂರಕ್ಕೆ ಅಟ್ಟುವ ದಪ್ಪ ತಲೆಯ ಕೋಲನ್ನೂ ಕುಳಿಯೊಳಗೆ ತಳ್ಳುವ ಚಿಕ್ಕ ಕೋಲನ್ನೂ ಪ್ರೀತಿಯಿಂದ ಅಗ್ಗಕ್ಕೆ ಕೊಟ್ಟು ಹೋಗಿದ್ದರು. ನಡುವಿನ ಆರು ಬೇಕಿದ್ದವು. ಐದನೇ ನಂಬರಿನಿಂದ ಒಂಬತ್ತನೇ ನಂಬರಿನವರೆಗೆ ಐದು, ಮರಳಿನ ಗುಂಡಿಯಿಂದ ಚೆಂಡು ಎತ್ತುವ ಗಿಡ್ಡದೊಂದು. ನಂಬರು ಕಡಿಮೆಯಾದಷ್ಟೂ ಚೆಂಡು ಹೆಚ್ಚು ದೂರ ಹೋಗುತ್ತದೆ.

"ಬ್ಯಾಡ ಬಿಡ್ರಿ ಮಾವಾರ," ಎಂದಿದ್ದಳು ವಿಜಯಲಕ್ಷ್ಮಿ. "ಅಷ್ಟು ರೊಕ್ಕ ಎಲ್ಲಿಂದ ತರೂದು?"

"ಕೋಲಂದ್ರ ಏನವ್ವಾ? ಒಂದು ಕೊಳವಿ, ಒಂದು ತಲಿ, ಒಂದು ಹಿಡಿ. ದಿನಾ ಕೊಳವಿ ಸಂಗಾಟ ಬಾಳೇವು ಮಾಡಾಂವ ನಾನು. ನೀ ಆಡೂದು ನೋಡು, ಮಾಡೂದು ನನಗ ಬಿಡು."

ಹಾಗೆ ಶುರುವಾಯಿತು. ಉದ್ದನೆಯ ರಟ್ಟಿನ ಪೆಟ್ಟಿಗೆ ಬಂದ ದಿನ ಓಬಳೆಪ್ಪ ಗ್ಯಾರೇಜಿನ ಬಾಗಿಲು ಬೇಗ ಎಳೆದು ಮನೆಗೆ ಬಂದ. ಪೆಟ್ಟಿಗೆಯ ನಡುವೆ ಯಾವುದೋ ಭಾರ ಬಿದ್ದು ತಗ್ಗಾಗಿತ್ತು. ಒಳಗಿನ ಶಾಫ್ಟುಗಳು ಮಾತ್ರ ಕನ್ನಡಿಯಂತೆ ಹೊಳೆಯುತ್ತಿದ್ದವು. ಆ ಹೊಳಪಿಗೇ ಅವನು ಮರುಳಾದ. ಹಳೆಯ ತುಕ್ಕು ಕೊಳವೆಯಾಗಿದ್ದರೆ ಮೊದಲು ಕಣ್ಣಿಗೆ ಹಿಡಿದು ನೋಡುತ್ತಿದ್ದ. ಇದು ಹೊಸದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಂದದ್ದು. ಕಣ್ಣಿಗೆ ಹಿಡಿಯಲಿಲ್ಲ.

ಅವನ ತಲೆಯಲ್ಲಿ ಬೇರೆಯದೇ ಕೆಲಸ ತುಂಬಿತ್ತು. ಫೋನಿನ ವಿಡಿಯೋದಲ್ಲಿ ಪಂಜಾಬದ ಕಡೆಯವನೊಬ್ಬ ಹಿಂದಿಯಲ್ಲಿ ಹೇಳಿದ್ದನ್ನು ಅವನು ಮತ್ತೆ ಮತ್ತೆ ನೋಡಿದ್ದ. ಶಾಫ್ಟ್ ಸುತ್ತಲೂ ಒಂದೇ ಸಮ ಕಾಣುತ್ತದೆ, ಆದರೆ ಇರುವುದಿಲ್ಲ. ತಯಾರಾಗುವಾಗಲೇ ಒಂದು ಬದಿ ಕೂದಲೆಳೆಯಷ್ಟು ಗಟ್ಟಿ, ಇನ್ನೊಂದು ಬದಿ ಮೆತ್ತಗೆ ಉಳಿದಿರುತ್ತದೆ. ಸಿಕ್ಕ ಹಾಗೆ ತಲೆಗೆ ಸಿಕ್ಕಿಸಿ ಅಂಟು ಹಾಕಿದರೆ ಒಂದು ಕೋಲು ಬೀಸಿದಾಗ ಹೀಗೆ ಬಾಗುತ್ತದೆ, ಮತ್ತೊಂದು ಹಾಗೆ. ಆಡುವವರ ಕೈಗೆ ಒಂದೂ ಒಗ್ಗುವುದಿಲ್ಲ. ಆರರಲ್ಲೂ ಆ ಗಟ್ಟಿ ಬದಿ ಹುಡುಕಿ ಒಂದೇ ದಿಕ್ಕಿಗೆ ಕೂಡಿಸಬೇಕು. ಆಗ ಆರು ಕೋಲು ಒಂದೇ ಕೈಯಲ್ಲಿ ಬೆಳೆದ ಮಕ್ಕಳ ಹಾಗೆ ಮಾತು ಕೇಳುತ್ತವೆ.

ಹುಡುಕುವ ಯಂತ್ರವನ್ನು ಅವನೇ ಮಾಡಿದ. ಬೈಕಿನ ಚಕ್ರದಿಂದ ಬಿಚ್ಚಿದ ಎರಡು ಬೇರಿಂಗು, ಹಳೆಯ ಬಾಗಿಲಿನ ಒಂದು ಸಾಗವಾನಿ ಹಲಗೆ. ಬೇರಿಂಗುಗಳನ್ನು ಒಂದರ ಮುಂದೊಂದು ಕೂಡಿಸಿ, ಶಾಫ್ಟಿನ ದಪ್ಪ ತುದಿಯನ್ನು ಅವುಗಳೊಳಗೆ ತೂರಿಸಿ, ಸಣ್ಣ ತುದಿಯನ್ನು ಬೆರಳಿನಿಂದ ಕೆಳಗೆ ಒತ್ತಿದ. ಶಾಫ್ಟ್ ಎಚ್ಚರಾದಂತೆ ತಾನೇ ಸರ್ರನೆ ಹೊರಳಿ ಒಂದು ಕಡೆ ನಿಂತುಬಿಟ್ಟಿತು. ಬಿಟ್ಟು ಮತ್ತೆ ಒತ್ತಿದ. ಮತ್ತೆ ಅಲ್ಲೇ ಬಂದು ನಿಂತಿತು.

"ಏ ದುರುಗಿ, ಬಾರ ಇಲ್ಲಿ! ವಿಜಿ, ಬಾರವ್ವಾ! ನೋಡ್ರಿ ಹೆಂಗ ತಾನಾ ಹೇಳ್ತೈತಿ!"

ಹೆಂಡತಿ ದುರುಗವ್ವ ರೊಟ್ಟಿ ಬಡಿಯುವ ಕೈಯಲ್ಲೇ ಬಂದು ನಿಂತಳು. "ಮೈಯಾಗ ದೇವರು ಬಂದಂಗ ತಿರಗತೈತಲ್ಲ. ಲಿಂಬಿಹಣ್ಣು ಮಂತರಿಸಿ ಕೊಡ್ಲೇನು?"

"ನಿನಗ ಚೇಷ್ಟೆ. ಇದು ಗಟ್ಟಿ ಬದಿ ತೋರಸಾಕತ್ತೈತಿ."

ಶಾಫ್ಟ್ ನಿಂತಾಗ ಮೇಲೆ ಬಂದ ಬದಿಗೆ ಸೊಸೆಯ ಕೆಂಪು ಉಗುರು ಬಣ್ಣದಿಂದ ಒಂದೊಂದು ಚುಕ್ಕೆ ಇಟ್ಟ. ಐದು ಶಾಫ್ಟ್ ಹಾಗೇ ಸರ್ರನೆ ಹೊರಳಿ ನಿಂತವು. ಆರನೆಯದು ಮಾತ್ರ ಅನುಮಾನಿಸುತ್ತ, ಸೋಮಾರಿಯಂತೆ ತಿರುಗಿತು. ಅದಕ್ಕೂ ಅಂದಾಜಿನ ಮೇಲೆ ಒಂದು ಚುಕ್ಕೆ ಬಿತ್ತು. ಆ ಸೋಮಾರಿಯೇ ಎಲ್ಲಕ್ಕಿಂತ ಒಳ್ಳೆಯದೆಂದು ಅವನಿಗೆ ಆಗ ಹೊಳೆಯಲಿಲ್ಲ.

ಏಳನೇ ಮತ್ತು ಒಂಬತ್ತನೇ ನಂಬರಿನ ಕೋಲು ಮೊದಲು ತಯಾರಾದವು. ಕೆಂಪು ಚುಕ್ಕೆ ಚೆಂಡು ಹೋಗುವ ದಿಕ್ಕಿಗೆ ಬರುವಂತೆ ಹಿಡಿದು, ತಲೆ ಕೂಡಿಸಿ, ಅಂಟು ಹಾಕಿ, ಒಂದು ದಿನ ಒಣಗಿಸಿ, ಎರಡನ್ನೂ ಸೊಸೆಯ ಕೈಗಿಟ್ಟ. ಅವಳು ಮರುದಿನ ನಸುಕಿನಲ್ಲಿ ಮೈದಾನಕ್ಕೆ ಹೋಗಿ ಬಂದಳು.

"ಹೆಂಗ ಹೋತವ್ವಾ?"

"ಛಲೋ ಅದಾವ್ರಿ ಮಾವಾರ," ಎಂದಳು ನೆಲ ನೋಡುತ್ತ.

ಅಷ್ಟು ಸಾಕಿತ್ತು. ಓಬಳೆಪ್ಪ ಅಂದು ಚಹಾದಂಗಡಿಯಲ್ಲಿ ಇಡೀ ಬೇರಿಂಗಿನ ಕಥೆ ಹೇಳಿದ. ಮೆಹಬೂಬಸಾಬ ಚಹಾದ ಕಪ್ಪು-ಬಸಿ ತೊಳೆಯುವುದನ್ನು ನಿಲ್ಲಿಸಿ ಕೇಳಿದ. "ಹಂಗಾರ ನಿನ್ನ ಸೊಸಿ ಗೆದ್ದಂಗ ಅನ್ನು," ಎಂದ. "ಗೆದ್ದಂಗ ಅಲ್ಲ, ಗೆದ್ದಾಳ," ಎಂದ ಓಬಳೆಪ್ಪ. ಹೇಳಿದ್ದೇ ತಡ, ಆ ಮಾತು ಊರೆಲ್ಲ ಓಡಾಡಿತು. ಇನ್ನು ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ.

ಯುಗಾದಿ ಹತ್ತಿರವಾಯಿತು. ಗಿಣಿಗೇರಾದಲ್ಲಿ ಶಾವಿಗೆ ಹೊಸೆಯುವುದೆಂದರೆ ಮೊದಲು ಗಾಳಿಯನ್ನು ಕೇಳಬೇಕು. ಕಾರ್ಖಾನೆಗಳ ಕಡೆಯಿಂದ ಬೀಸಿದರೆ ಅಂಗಳದ ತುಂಬ ಕರಿ ಪುಡಿ. ಬಿಳಿ ಶಾವಿಗೆ ಒಣಗುವ ಹೊತ್ತಿಗೆ ಇರುವೆ ಮುತ್ತಿದ ಹಾಗೆ ಕಾಣುತ್ತದೆ. ಗಾಳಿ ತಿರುಗಿದ ದಿನ ಹೆಂಗಸರೆಲ್ಲ ಒಟ್ಟಿಗೇ ಹಿಟ್ಟು ನಾದಲು ಕೂಡುತ್ತಾರೆ. ಆ ದಿನ ಹಾಗೆ ಗಾಳಿ ತಿರುಗಿತು. ದುರುಗವ್ವ ಒಂದೇ ದಿನದಲ್ಲಿ ವರ್ಷದ ಶಾವಿಗೆ ಮುಗಿಸಬೇಕೆಂದು ನೆರೆಮನೆಯ ಶಾಂತಕ್ಕನನ್ನು ಕರೆದು ಶಾವಿಗೆ ಯಂತ್ರದ ಹಿಡಿಕೆಗೆ ಕೂಡಿಸಿದಳು. ಎಳೆ ಇಳಿದಂತೆಲ್ಲ ಬಿದಿರು ಕೋಲುಗಳ ಮೇಲೆ ಜೋಲಿಸಿ, ಎರಡು ಕುರ್ಚಿಗಳ ಬೆನ್ನಿನ ಮೇಲೆ ಅಡ್ಡ ಇಟ್ಟರು. ಹಿಟ್ಟು ಇನ್ನೂ ಬೋಗುಣಿ ತುಂಬ ಇತ್ತು, ಕೋಲು ಮುಗಿದವು. ಪಕ್ಕದವರನ್ನು ಕೇಳುವಂತಿಲ್ಲ, ಎಲ್ಲರ ಮನೆಯಲ್ಲೂ ಅದೇ ಕೆಲಸ. ದುರುಗವ್ವ ಆಚೀಚೆ ನೋಡಿದಳು. ಮೂಲೆಯಲ್ಲಿ ಗಂಡನ ನಾಲ್ಕು ಶಾಫ್ಟು ಹೊಳೆಯುತ್ತ ನಿಂತಿದ್ದವು.

ಮಧ್ಯಾಹ್ನ ಊಟಕ್ಕೆ ಬಂದ ಓಬಳೆಪ್ಪ ಅಂಗಳದಲ್ಲೇ ನಿಂತುಬಿಟ್ಟ. ನಾಲ್ಕು ಉಕ್ಕಿನ ಶಾಫ್ಟು ಕುರ್ಚಿಗಳ ಮೇಲೆ, ಮೂರರ ಕೆಳಗೆ ಶಾವಿಗೆ ಮಣ್ಣುಪಾಲಾಗಿತ್ತು.

"ನನ್ನ ಶಾಫ್ಟ್! ಯಾಕ ಮುಟ್ಟಿದಿ ದುರುಗಿ? ಅವಕ್ಕ ಹಿಟ್ಟು ಹಚ್ಚತಾರನು?"

"ನಿಮ್ಮ ಶಾಫ್ಟಿಗೆ ಬೆಂಕಿ ಬೀಳ್ಲಿ!" ದುರುಗವ್ವ ಬಿದ್ದ ಶಾವಿಗೆಯನ್ನು ಕೂಡಿಸುತ್ತ ಸಿಡುಕಿದಳು. "ಬಿದಿರು ಕೋಲು ಹಿಂಗ ಮಾಡಾಂಗಿಲ್ಲ. ಇವು ಶಾವಿಗಿ ಹಾಕೂದ ತಡ, ಗಿರಕ್ಕನ ಹೊರಳಿ ಎಲ್ಲಾ ಚೆಲ್ಲಿ ನಿಂತ್ವು. ಮೂರು ಕೋಲು ಶಾವಿಗಿ ಹೋತು. ಅದೊಂದ ಸುಮ್ಮನ ಕುಂತೈತಿ, ಅದಕ್ಕರ ಮರ್ಯಾದಿ ಐತಿ."

"ನೀರಾಗ ತೊಳದು ಎಮ್ಮಿಗೆ ಹಾಕೂಣ ಬಿಡ ದುರುಗವ್ವ," ಎಂದು ಶಾಂತಕ್ಕ ಸಮಾಧಾನ ಹೇಳಿದಳು.

ಓಬಳೆಪ್ಪನಿಗೆ ಶಾವಿಗೆಯ ಮಾತು ಕೇಳಿಸುತ್ತಿರಲಿಲ್ಲ. ಅವನು ಕೆಂಪು ಚುಕ್ಕೆಗಳನ್ನು ನೋಡುತ್ತಿದ್ದ. ಹೊರಳಿದ ಮೂರೂ ಶಾಫ್ಟುಗಳ ಚುಕ್ಕೆಗಳು ಒಂದೇ ಕಡೆಗೆ ತಿರುಗಿ ನಿಂತಿದ್ದವು, ಬೇರಿಂಗಿನಲ್ಲಿ ನಿಂತಿದ್ದ ಹಾಗೆಯೇ. ಹೊರಳದ ಒಂದು, ಅದೇ ಸೋಮಾರಿ ಶಾಫ್ಟ್, ಅದರ ಚುಕ್ಕೆ ಮಾತ್ರ ಪಕ್ಕಕ್ಕಿತ್ತು.

ಒಂದು ಹಿಡಿ ಶಾವಿಗೆಯ ಭಾರಕ್ಕೆ ಉಕ್ಕು ಬಾಗುವುದಿಲ್ಲ. ಬಾಗದೆ ಇದ್ದಮೇಲೆ ಗಟ್ಟಿ ಬದಿ ಯಾವುದು, ಮೆತ್ತನೆ ಬದಿ ಯಾವುದು ಎಂದು ಅದಕ್ಕೆ ಹೇಗೆ ತಿಳಿಯಬೇಕು? ಆದರೂ ಹೊರಳಿದೆ. ಕೋಲೊಂದು ತಾನಾಗಿ ಹೊರಳಬೇಕಾದರೆ ಅದರ ಹೊಟ್ಟೆ ಮೊದಲೇ ಒಂದು ಕಡೆ ಜೋತಿರಬೇಕು.

ಅವನು ಒಂದನ್ನು ಎತ್ತಿ, ಪಂಚೆಯಿಂದ ಒರೆಸಿ, ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಉರುಳಿಸಿದ. ಶಾಫ್ಟಿನ ಕೆಳಗೆ ನಡುವಿನಲ್ಲಿ ಬೆಳಕು ಕಂಡಿತು, ಮುಚ್ಚಿತು, ಕಂಡಿತು, ಮುಚ್ಚಿತು. ಮತ್ತೊಂದನ್ನು ಉರುಳಿಸಿದ. ಅದೂ ಹಾಗೇ. ಸೋಮಾರಿಯೊಂದೇ ಕಲ್ಲಿಗೆ ಅಂಟಿಕೊಂಡಂತೆ ಉರುಳಿತು.

ಅವನ ಯಂತ್ರ ತೋರಿಸಿದ್ದು ಗಟ್ಟಿ ಬದಿಯನ್ನಲ್ಲ, ಡೊಂಕನ್ನು. ಮೂವತ್ತು ವರ್ಷ ಡೊಂಕು ತೆಗೆದೇ ಹೊಟ್ಟೆ ಹೊರೆದವನು ಮನೆಗೆ ಬಂದ ಡೊಂಕಿಗೆ ಕೆಂಪು ಬೊಟ್ಟಿಟ್ಟು ಮೆರೆಸಿದ್ದ.

ಕಟ್ಟೆಯ ಹತ್ತಿರ ನೀರಿನ ಕೊಡ ಇಳಿಸುತ್ತಿದ್ದ ಸೊಸೆಯನ್ನು ಅವನು ನೋಡಿದ. "ವಿಜಿ, ಖರೇ ಹೇಳು. ಆ ಎರಡು ಕೋಲು ಹೆಂಗ ಹೊಡೀತಾವು?"

ಅವಳು ಸೆರಗಿನ ತುದಿ ಹಿಡಿದುಕೊಂಡಳು. "ಏಳನೇದು ಬಲಕ್ಕ ಎಳೀತೈತ್ರಿ. ಒಂಬತ್ತನೇದು ಎಡಕ್ಕ. ನಂದ ಕೈ ತಪ್ಪೇನೋ ಅಂತ ದಿನಾ ಹೋಗಿ ಹೊಡದು ನೋಡಿದ್ನಿ. ಕೈ ತಪ್ಪಲ್ರಿ."

"ಮತ್ತ ಛಲೋ ಅದಾವಂದಿ?"

"ನೀವು ಅಷ್ಟು ಹಿಗ್ಗಿನಿಂದ ಕೊಟ್ರಿ. ಹೆಂಗ ಹೇಳೂದ್ರಿ ಮಾವಾರ?"

"ಹಂಗಾರ ಆ ಕೋಲು ತಗೊಂಡ ಹೋಗಿ ಸೋತು ಬರ್ತಿದ್ದೇನು?"

ಹೋಗುತ್ತಿದ್ದಳು ಎಂಬುದು ಅವಳ ಮುಖದಲ್ಲೇ ಇತ್ತು. ಮಾವನ ಮನಸ್ಸು ನೋಯಿಸುವುದಕ್ಕಿಂತ ಕೆಲಸ ಬಿಟ್ಟುಕೊಡುವುದು ಹಗುರ ಅನ್ನಿಸಿತ್ತು ಅವಳಿಗೆ. ಓಬಳೆಪ್ಪ ಕೈಯಲ್ಲಿದ್ದ ಶಾಫ್ಟನ್ನು ಕಟ್ಟೆಯ ಮೇಲಿಟ್ಟು, "ನನ್ನ ಗ್ಯಾರೇಜಿಗೆ ಬರೋ ಗಿರಾಕಿ ಗಾಡಿ ಎಡಕ್ಕ ಎಳೀತೈತಿ ಅಂತ ಬೈದ ಹೇಳ್ತಾನ. ಬೈದ್ರ ನಾ ರಿಪೇರಿ ಮಾಡ್ತೀನಿ. ನೀನೂ ಬೈಯವ್ವಾ," ಎಂದ.

"ಆಕಿ ಬೈಲಿಲ್ಲಂದ್ರ ಆಕಿ ಪಾಲಿಂದೂ ನಾ ಬೈತೀನಿ," ಎಂದಳು ದುರುಗವ್ವ ಅಂಗಳದಿಂದ.

ಆ ಮಧ್ಯಾಹ್ನ ಗ್ಯಾರೇಜು ಗಿರಾಕಿಗಳಿಗೆ ತೆರೆಯಲಿಲ್ಲ. ತಯಾರಾಗಿದ್ದ ಎರಡು ಕೋಲುಗಳ ಕುತ್ತಿಗೆಗೆ ಬೆಂಕಿ ತೋರಿಸಿ, ಅಂಟು ಕರಗಿಸಿ, ತಲೆಗಳನ್ನು ಬಿಡಿಸಿದ. ಆಮೇಲೆ ಡೊಂಕು ತೆಗೆಯುವ ಕೆಲಸ. ಮೊದಲನೆಯದನ್ನು ಅವಸರದಲ್ಲಿ ಗ್ಯಾರೇಜಿಗೆ ಒಯ್ದು ಫೋರ್ಕು ಒತ್ತುವ ಪ್ರೆಸ್ಸಿಗೆ ಕೊಟ್ಟ. ಬೈಕಿನ ಫೋರ್ಕು ದಪ್ಪ ಗೋಡೆಯ ಕೊಳವೆ. ಇದು ಅದರ ಮುಂದೆ ಕಾಗದ. ಕಟ್ ಎಂದಿತು. ನಡುವಿನಲ್ಲಿ ಮಡಿಕೆ ಬಿದ್ದ ಶಾಫ್ಟು ಇನ್ನು ಯಾವ ದೇವರಿಂದಲೂ ನೆಟ್ಟಗಾಗುವಂತಿರಲಿಲ್ಲ. ಇನ್ನೊಂದು ತರಿಸಲು ದಿನವೂ ಇರಲಿಲ್ಲ.

"ಆತು, ಒಂದು ಹೋತು," ಎಂದು ಮೆಹಬೂಬಸಾಬ ಬಾಗಿಲಲ್ಲಿ ನಿಂತು ಹೇಳಿದ. "ಓಬಳೆಪ್ಪಣ್ಣ, ಚಹಾ ಕುಡಿ. ಸಿಟ್ಟಿನ ಕೈಯಿಂದ ಏನೂ ನೆಟ್ಟಗ ಆಗಂಗಿಲ್ಲ."

ಚಹಾ ಕುಡಿದ. ಕುಡಿಯುತ್ತ ಯೋಚಿಸಿದ. ಉಳಿದ ನಾಲ್ಕು ಡೊಂಕು ಶಾಫ್ಟುಗಳನ್ನು ಮನೆಗೇ ತಂದು, ಬೇವಿನ ದಿಮ್ಮಿಯಲ್ಲಿ ಅಂಗೈಯಷ್ಟು ತಗ್ಗು ಕೊರೆದು, ಅದರ ಮೇಲೆ ಶಾಫ್ಟಿನ ಹೊಟ್ಟೆಯಿಟ್ಟು, ಬರೀ ಕೈಯಿಂದ, ಮಗುವಿನ ಕಾಲು ನೀವಿದ ಹಾಗೆ ಒತ್ತಿದ. ಒತ್ತುವುದು, ಕಲ್ಲಿನ ಮೇಲೆ ಉರುಳಿಸುವುದು, ಬೆಳಕು ನೋಡುವುದು, ಮತ್ತೆ ಒತ್ತುವುದು. ಒಂದೊಂದಕ್ಕೂ ಒಂದೊಂದು ಸಂಜೆ ಹಿಡಿಯಿತು. ಕಡೆಗೆ ಐದೂ ಶಾಫ್ಟು ಕಡಪಾ ಕಲ್ಲಿನ ಮೇಲೆ ಬೆಳಕು ಬಿಡದೆ ಉರುಳಿದವು. ಅಲ್ಲಿಯವರೆಗೆ ದುರುಗವ್ವನಿಗೆ ಆ ಕಟ್ಟೆಯ ಮೇಲೆ ತರಕಾರಿ ಹೆಚ್ಚುವ ಹಕ್ಕು ಇರಲಿಲ್ಲ.

ಈಗ ಗಟ್ಟಿ ಬದಿ ಹುಡುಕಬೇಕು. ಬೇರಿಂಗಿನ ಹಲಗೆಯನ್ನು ಅವನು ಅಟ್ಟಕ್ಕೆ ಎಸೆದಿದ್ದ. ಅದೇ ಪಂಜಾಬದವನು ಇನ್ನೊಂದು ವಿಧಾನವನ್ನೂ ಹೇಳಿದ್ದ. ಅದು ನಿಧಾನದ್ದೆಂದು ಓಬಳೆಪ್ಪ ಆಗ ದಾಟಿ ಹೋಗಿದ್ದ. ಶಾಫ್ಟಿನ ದಪ್ಪ ತುದಿಯನ್ನು ರಬ್ಬರು ಸುತ್ತಿ ವೈಸಿನಲ್ಲಿ, ಅಂದರೆ ಬೆಂಚಿನ ಇಕ್ಕಳದಲ್ಲಿ, ಬಿಗಿಯಬೇಕು. ಸಣ್ಣ ತುದಿಗೆ ಒಂದಿಷ್ಟು ಭಾರ ಕಟ್ಟಿ, ಬದಿಗೆ ಎಳೆದು ಬಿಡಬೇಕು. ಗಟ್ಟಿ ಬದಿ ಓರೆಯಾಗಿದ್ದರೆ ತುದಿ ಸುತ್ತು ಹಾಕುತ್ತದೆ. ಸರಿಯಾದ ಬದಿಗೆ ತಿರುಗಿಸಿದಾಗ ಮಾತ್ರ ಸುತ್ತುವುದನ್ನು ಬಿಟ್ಟು, ಹೋದ ದಾರಿಯಲ್ಲೇ ಬರುತ್ತದೆ, ಗೆರೆ ಎಳೆದ ಹಾಗೆ.

ವೈಸನ್ನು ಪಡಸಾಲೆಯ ಬೆಂಚಿಗೆ ತಂದು ಕೂಡಿಸಿದ. ತುದಿ ಕಣ್ಣಿಗೆ ಚೆನ್ನಾಗಿ ಕಾಣಲೆಂದು ವಿಜಯಲಕ್ಷ್ಮಿ ತನ್ನ ಹಣೆಯ ಟಿಕಳಿ ತೆಗೆದು ಅದಕ್ಕೆ ಅಂಟಿಸಿದಳು. ದುರುಗವ್ವ ಅದರ ಎದುರಿಗೆ ಗೋಡೆಗೆ ಒರಗಿ ಕೂತಳು. ತನ್ನ ಶಾವಿಗೆ ಹಾಳು ಮಾಡಿದವು ಇನ್ನೇನು ಆಟ ಆಡುತ್ತವೆ ನೋಡಬೇಕೆಂಬ ಹಟ ಅವಳಿಗೆ.

ಓಬಳೆಪ್ಪ ತುದಿ ಎಳೆದು ಬಿಟ್ಟ.

"ಬೀಸೂ ಕಲ್ಲು ತಿರಗಿದಂಗ ಸುತ್ತತೈತಿ," ಎಂದಳು ದುರುಗವ್ವ.

ವೈಸು ಸಡಿಲಿಸಿ ಶಾಫ್ಟನ್ನು ಕೂದಲಷ್ಟು ಹೊರಳಿಸಿದ. ಬಿಟ್ಟ.

"ಈಗ ಜ್ವಾಳದ ಕಾಳಿನಂಗ."

ಮತ್ತೆ ಹೊರಳಿಸಿದ.

"ಈಗ ಶಾವಿಗಿ ಎಳಿ! ನೆಟ್ಟಗ! ಅಲುಗಬ್ಯಾಡ್ರಿ, ಅಲ್ಲೇ ಇರ್ಲಿ!" ದುರುಗವ್ವ ಕೂತಲ್ಲಿಂದ ಎದ್ದೇಬಿಟ್ಟಳು.

ಟಿಕಳಿ ಎಡಕ್ಕೂ ಬಲಕ್ಕೂ ಒಂದೇ ಗೆರೆಯಲ್ಲಿ ಹೋಗಿಬರುತ್ತಿತ್ತು. ಮೂವರೂ ಅದು ತಾನಾಗಿ ನಿಲ್ಲುವವರೆಗೂ ನೋಡಿದರು. ಹಳೆಯ ಕೆಂಪು ಚುಕ್ಕೆ ಎಲ್ಲಿತ್ತೋ, ಈಗಿನ ಗೆರೆ ಎಲ್ಲಿತ್ತೋ, ಒಂದಕ್ಕೊಂದು ಸಂಬಂಧವಿರಲಿಲ್ಲ. ಓಬಳೆಪ್ಪ ಹಳೆಯದನ್ನು ಸೀಮೆಎಣ್ಣೆಯಿಂದ ಉಜ್ಜಿ ಅಳಿಸಿ, ಹೊಸ ಚುಕ್ಕೆ ಇಡಲು ಉಗುರು ಬಣ್ಣದ ಬಾಟಲಿಯನ್ನು ಹೆಂಡತಿಗೆ ಕೊಟ್ಟ. ಐದಕ್ಕೂ ಅವಳೇ ಇಟ್ಟಳು. ಆ ಗೆರೆ ಚೆಂಡಿನ ದಾರಿಗೆ ನೆಟ್ಟಗಿರುವಂತೆ ಐದೂ ತಲೆಗಳು ಕೂತವು, ಅಂಟು ಒಣಗಿತು, ಹಿಡಿ ಏರಿತು. ಆರನೇ ನಂಬರಿನ ತಲೆ ಶಾಫ್ಟಿಲ್ಲದೆ ಉಳಿಯಿತು. ಯಾವುದನ್ನು ಬಿಡಬೇಕೆಂದು ಸೊಸೆಯನ್ನೇ ಕೇಳಿದ್ದ. "ಆರನೇದು ಬಿಡ್ರಿ. ಐದನೇದರಾಗ ಸಂಭಾಳಿಸ್ತೀನಿ," ಎಂದಿದ್ದಳು.

ಹಬ್ಬದ ಮರುದಿನ ನಸುಕಿನಲ್ಲಿ ಮೈದಾನಕ್ಕೆ ಹೋಗಿ ಬಂದು, ಈ ಸಲ ಅವಳು ನೆಲ ನೋಡಲಿಲ್ಲ. "ಏಳನೇದು ನೆಟ್ಟಗ್ರಿ ಮಾವಾರ. ಒಂಬತ್ತನೇದೂ ನೆಟ್ಟಗ. ಎಂಟನೇದರ ಹಿಡಿ ದಪ್ಪ ಆಗೇತಿ, ಸುತ್ತಿದ ಪಟ್ಟಿ ಒಂದು ಸುತ್ತು ಬಿಚ್ಚಬೇಕ್ರಿ."

ಓಬಳೆಪ್ಪ ಅದನ್ನು ಬೈಗುಳ ಕೇಳಿದ ಖುಷಿಯಿಂದ ಬಿಚ್ಚಿದ.

ಭಾನುವಾರ ಬೆಳಿಗ್ಗೆ ಹೊರಡುವಾಗ ಒಂದು ತಕರಾರು ಎದ್ದಿತು. ಆಡುವವರ ಚೀಲ ಹೊರಲು ಒಬ್ಬರು ಬೇಕು. ಮರಿಸ್ವಾಮಿಗೆ ಕ್ರೇನಿನ ಪಾಳಿ ಬಿಡುವಂತಿರಲಿಲ್ಲ. ಓಬಳೆಪ್ಪ ಚೀಲವನ್ನು ಹೆಗಲಿಗೇರಿಸಿದ.

"ಸೊಸಿ ಮುಂದ, ನೀವು ಆಕಿ ಚೀಲ ಹೊತಗೊಂಡು ಹಿಂದ?" ದುರುಗವ್ವ ಸೊಂಟದ ಮೇಲೆ ಕೈಯಿಟ್ಟಳು. "ನೋಡಿದ ಮಂದಿ ಏನಂದಾರು?"

"ಏನರ ಅನ್ಲಿ. ಒಳಗಿನ ಕೋಲು ನನ್ನವು. ನನ್ನ ಕೋಲು ನಾ ಹೊತಗೊಂಡ್ರ ಯಾರಿಗೇನು?"

"ಮಾವಾರ, ಬ್ಯಾಡ್ರಿ, ನಾ ಹೊರ್ತೀನಿ," ಎಂದು ವಿಜಯಲಕ್ಷ್ಮಿ ಕೈ ಚಾಚಿದಳು.

"ನೀ ನಾಕು ವರ್ಷ ಎಲ್ಲಾರ ಚೀಲ ಹೊತ್ತಿ. ಇವತ್ತ ಒಂದಿನ ಬರೀ ಕೈಲೆ ನಡಿಯವ್ವಾ."

ದುರುಗವ್ವ ಒಳಗೆ ಹೋಗಿ ಗಂಡನಿಗೆ ಒಗೆದಿಟ್ಟ ಬಿಳಿ ಟವೆಲ್ಲು ತಂದು ಇನ್ನೊಂದು ಹೆಗಲಿಗೆ ಹಾಕಿದಳು.

ಮೈದಾನದಲ್ಲಿ ಗೋವಿಂದರಾಜ ಅವರೂ ಅವರ ಜೊತೆ ಲೆಕ್ಕ ಬರೆಯುವ ಇಬ್ಬರೂ ಇದ್ದರು. "ಚೀಲ ಯಾರು ಹಿಡೀತಾರಮ್ಮ?" ಎಂದು ಕೇಳಿದರು.

"ನಮ್ಮ ಮಾವಾರು ರೀ."

ಗೋವಿಂದರಾಜ ಒಂದು ಕ್ಷಣ ಓಬಳೆಪ್ಪನನ್ನು ನೋಡಿ, ಟೊಪ್ಪಿಗೆ ತೆಗೆದು ನಮಸ್ಕಾರ ಮಾಡಿದರು. "ಬರ್ರಿ ಯಜಮಾನ್ರ. ಚೆಂಡು ಹೊಡಿಯೂ ಮುಂದ ಅಲುಗಾಡಬಾರದು, ಮಾತಾಡ್ಬಾರದು. ಅಷ್ಟ."

"ಅಲುಗಾಡಂಗಿಲ್ರಿ," ಎಂದ ಓಬಳೆಪ್ಪ. ಚೀಲದೊಳಗಿನ ಕೋಲುಗಳು ಸದ್ದು ಮಾಡದಂತೆ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡ.

ಮೊದಲ ಮೂರು ಕುಳಿ ಚೆನ್ನಾಗಿ ಹೋದವು. ಏಳನೆಯದು ನೆಟ್ಟಗೆ ಹೊಡೆಯಿತು, ಒಂಬತ್ತನೆಯದು ಅದರ ಹಿಂದೆಯೇ ನೆಟ್ಟಗೆ. ಪ್ರತಿ ಸಲ ಚೆಂಡು ಏರಿದಾಗ ಓಬಳೆಪ್ಪ ಕತ್ತು ಎತ್ತಿ ಒಂದು ಕಣ್ಣು ಮುಚ್ಚುತ್ತಿದ್ದ. ಆಕಾಶದಲ್ಲಿ ಡೊಂಕಿರಲಿಲ್ಲ. ನಾಲ್ಕನೆಯದರಲ್ಲಿ ಚೆಂಡು ಮರಳಿನ ಗುಂಡಿಗೆ ಬಿದ್ದು ಹೊರಗೆ ಬರಲು ಮೂರು ಹೊಡೆತ ತಿಂದಿತು. ಅದು ಕೋಲಿನ ತಪ್ಪಲ್ಲ, ಗಾಳಿಯದು. ಆರನೆಯದರಲ್ಲಿ ಕುಳಿಯ ಅಂಚಿಗೆ ಬಂದ ಚೆಂಡು ಸುತ್ತು ಹಾಕಿ ಆಚೆ ಹೋಯಿತು. ಎಂಟು ಕುಳಿ ಮುಗಿದಾಗ ಬರೆಯುವವನು ಗಟ್ಟಿಯಾಗಿ ಓದಿದ: "ನಲವತ್ತಾರು."

ಕೊನೆಯ ಕುಳಿಗೆ ನಾಲ್ಕೇ ಹೊಡೆತ ಉಳಿದಿದ್ದವು. ಅದು ಚಿಕ್ಕ ದಾರಿ, ಆದರೆ ನಡುವೆ ನೀರಿನ ಹೊಂಡ. ಹೊಂಡಕ್ಕೆ ಬಿದ್ದರೆ ಆಟ ಮುಗಿಯಿತು. ವಿಜಯಲಕ್ಷ್ಮಿ ದೂರ ಅಳೆದಳು. ಕೈ ತಾನಾಗಿ ಚೀಲದ ಕಡೆ ಬಂತು, ಅಲ್ಲೇ ನಿಂತಿತು.

ಅದು ಆರನೇ ನಂಬರಿನ ದೂರವೆಂದು ಓಬಳೆಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪ್ರೆಸ್ಸಿನಲ್ಲಿ ಕಟ್ ಎಂದ ಸದ್ದು ಅವನ ಕಿವಿಯಲ್ಲಿ ಮತ್ತೆ ಕೇಳಿಸಿತು.

"ಐದನೇದು ಕೊಡ್ರಿ," ಎಂದಳು ಮೆಲ್ಲಗೆ.

"ದೂರ ಹೋಕ್ಕೈತಲ್ಲವ್ವಾ?"

"ಹಿಡಿ ಕೆಳಗ ಹಿಡದು ಅರ್ಧ ಜೋರಿನಾಗ ಹೊಡೀತೀನ್ರಿ. ನೆಟ್ಟಗ ಹೋದ್ರ ಸಾಕು. ನೆಟ್ಟಗ ಹೋಕ್ಕೈತಲ್ರಿ?"

ಇದು ಅವಳು ಮಾವನಿಗೆ ಕೇಳಿದ ಪ್ರಶ್ನೆ. ಕಡಪಾ ಕಲ್ಲು, ಬೇವಿನ ದಿಮ್ಮಿ, ಗೆರೆ ಎಳೆದ ಟಿಕಳಿ ಎಲ್ಲ ಒಮ್ಮೆಗೇ ಅವನ ಕಣ್ಣ ಮುಂದೆ ಬಂದವು. ಈ ಐದನೇ ನಂಬರಿನಲ್ಲಿರುವುದು ಆ ಸೋಮಾರಿ ಶಾಫ್ಟು.

"ಹೋಕ್ಕೈತಿ," ಎಂದ. ಈ ಸಲ ಹಿಗ್ಗಿನಿಂದಲ್ಲ, ಗ್ಯಾರೇಜಿನಲ್ಲಿ ಗಾಡಿಯ ಕೀಲಿ ಮರಳಿ ಕೊಡುವಾಗ ಹೇಳುವ ದನಿಯಲ್ಲಿ.

ಅವಳು ನಿಂತಳು, ಉಸಿರು ಬಿಟ್ಟಳು, ಬೀಸಿದಳು. ಚೆಂಡು ಎದ್ದು ಹೊಂಡದ ಮೇಲೆ ಹಾದು, ಎಳೆ ಜಗ್ಗಿದ ಹಾಗೆ ಹೋಗಿ, ಕುಳಿಯಿರುವ ಹಸಿರಿನ ಅಂಚಿಗೆ ಬಿದ್ದು ಎರಡು ಸಲ ಪುಟಿದು ನಿಂತಿತು. ಅಲ್ಲಿಂದ ಚಿಕ್ಕ ಕೋಲಿನಿಂದ ಎರಡು ತಳ್ಳುವಿಕೆ. ಚೆಂಡು ಕುಳಿಯೊಳಗೆ ಬಿದ್ದ ಸದ್ದು ಓಬಳೆಪ್ಪನಿಗೆ ಕೇಳಿಸಿತು.

"ನಲವತ್ತೊಂಬತ್ತು," ಎಂದ ಬರೆಯುವವನು.

ಗೋವಿಂದರಾಜ ವಿಜಯಲಕ್ಷ್ಮಿಯ ಕೈ ಕುಲುಕಿ, ಸೋಮವಾರ ಕಾಗದಪತ್ರ ತೆಗೆದುಕೊಂಡು ಬರಲು ಹೇಳಿದರು. ಆಮೇಲೆ ಚೀಲದಿಂದ ಒಂದು ಕೋಲು ಎಳೆದು ನೋಡಿ, "ಇದೇನಮ್ಮ ಕೆಂಪು ಚುಕ್ಕಿ?" ಎಂದು ಕೇಳಿದರು.

"ನಮ್ಮ ಅತ್ತಿ ಇಟ್ಟದ್ರಿ," ಎಂದಳು ವಿಜಯಲಕ್ಷ್ಮಿ. "ಕೋಲು ಮಾವಾರು ಮಾಡಿದ್ದು. ಮೊದಲಿನ ಎರಡು ಬಲಕ್ಕ ಎಡಕ್ಕ ಎಳೀತಿದ್ವು. ಬಿಚ್ಚಿ ಮತ್ತ ಮಾಡಿಕೊಟ್ರು."

ಬೇರೆ ದಿನವಾಗಿದ್ದರೆ ಆ ಮಾತಿಗೆ ಓಬಳೆಪ್ಪ ನಾಚುತ್ತಿದ್ದ. ಇಂದು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಹೌದ್ರಿ, ಎಳೀತಿದ್ವು," ಎಂದ.

ಮರಳುವಾಗ ಅವನು ಬೇಕೆಂದೇ ಕ್ರಾಸಿನ ದಾರಿ ಹಿಡಿದ. ಹೆಗಲ ಮೇಲೆ ಸೊಸೆಯ ಚೀಲ, ಮುಂದೆ ಬರಿಗೈಯಲ್ಲಿ ಸೊಸೆ. ಮೆಹಬೂಬಸಾಬ ದೂರದಿಂದಲೇ ಅವನ ನಡಿಗೆ ನೋಡಿ ಎರಡು ಕಪ್ಪಿಗೆ ಚಹಾ ಸುರಿದ. ಬೆಂಚಿನ ಮೇಲಿದ್ದವರು ಎದ್ದು ವಿಜಯಲಕ್ಷ್ಮಿಗೆ ಜಾಗ ಕೊಟ್ಟರು.

ಹೋದದ್ದು ಒಂದು ಶಾಫ್ಟು, ಮೂರು ಕೋಲು ಶಾವಿಗೆ, ಗ್ಯಾರೇಜಿನ ಒಂದಿಷ್ಟು ದಿನದ ದುಡಿಮೆ. ಬಂದದ್ದು ಸೊಸೆಗೆ ತಿಂಗಳ ಸಂಬಳದ ಕೆಲಸ, ಮನೆಗೆ ಐದು ನೆಟ್ಟಗಿನ ಕೋಲು, ಮತ್ತು ಎಳೆಯುತ್ತಿದ್ದರೆ ಎಳೆಯುತ್ತದೆ ಎಂದು ಮಾವನ ಮುಖ ನೋಡಿ ಹೇಳುವ ಸೊಸೆ.